ಮಳೆಗಾಲ ಮತ್ತು ಹಳೆಯ ಬೇಕಲೈಟ್ ಸ್ವಿಚ್

ನಮ್ಮಲ್ಲಿ ಕೆಲವರ ಅಜ್ಜಿಮನೆಯಲ್ಲಿ ಮರದ ಬೋರ್ಡಿನ ಮೇಲೆ ಕಪ್ಪು ಅಥವಾ ಕಂದು ಬಣ್ಣದ ಗುಂಡಗಿನ ಸ್ವಿಚ್‌ಗಳು ಇನ್ನೂ ಇರಬಹುದು. ಅವು ಬೇಕಲೈಟ್‌ನವು. ಮಂಗಳೂರಿನ ಮಳೆಗಾಲದಲ್ಲಿ ಅವುಗಳನ್ನು ಎಷ್ಟು ನಂಬಬಹುದು? ಭೌತಶಾಸ್ತ್ರದ ಪಾಠದಿಂದಲೇ ಉತ್ತರ ಹುಡುಕೋಣ.

1907ರಲ್ಲಿ ಬೆಲ್ಜಿಯಂ ಮೂಲದ ಲಿಯೋ ಬೇಕ್‌ಲ್ಯಾಂಡ್ ಅಮೆರಿಕದಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಇದನ್ನು ತಯಾರಿಸಿದರು. ಅದಕ್ಕೂ ಮೊದಲು ಅರಗಿನಿಂದ ಸಿಗುವ ಶೆಲಾಕ್ ಅವಾಹಕವಾಗಿ ಬಳಕೆಯಲ್ಲಿತ್ತು. ಬಿಸಿಯಾದರೆ ಅದು ಮೆತ್ತಗಾಗುತ್ತಿತ್ತು. ಬೇಕಲೈಟ್ ಅಚ್ಚಿನಲ್ಲಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ.

ಅವಾಹಕವನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಪರೀಕ್ಷಿಸುತ್ತಾರೆ.

1. ಅವಾಹಕ ರೋಧ: ಮೆಗ್ಗರ್ ಉಪಕರಣದಿಂದ 500 ವೋಲ್ಟ್ ನೇರ ವಿಭವಾಂತರ ಕೊಟ್ಟು ರೋಧವನ್ನು ಮೆಗಾಓಮ್‌ಗಳಲ್ಲಿ ಅಳೆಯುವುದು. ಮಲ್ಟಿಮೀಟರ್ ಕೆಲವೇ ವೋಲ್ಟ್ ಕೊಡುವುದರಿಂದ ದೋಷ ಅದರ ಕಣ್ಣಿಗೆ ಬೀಳದಿರಬಹುದು.

2. ಡೈಎಲೆಕ್ಟ್ರಿಕ್ ಸಾಮರ್ಥ್ಯ: ವಿಭವಾಂತರವನ್ನು ಏರಿಸುತ್ತಾ ಹೋಗಿ, ವಸ್ತುವನ್ನು ಭೇದಿಸಿ ವಿದ್ಯುತ್ ಯಾವಾಗ ಹರಿಯುತ್ತದೆ ಎಂದು ನೋಡುವುದು. ಗಾಳಿಗೆ ಇದು ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್. ಒಳ್ಳೆಯ ಬೇಕಲೈಟ್‌ಗೆ ಅದಕ್ಕಿಂತ ಹೆಚ್ಚು.

3. ಟ್ರ್ಯಾಕಿಂಗ್: ಎರಡು ವಿದ್ಯುದ್ವಾರಗಳ ನಡುವೆ ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಹನಿಹನಿಯಾಗಿ ಬೀಳಿಸುವುದು. ಬೇಕಲೈಟ್ ಸೋಲುವುದು ಇಲ್ಲಿಯೇ. ಮೇಲ್ಮೈ ಸುಟ್ಟು ಇಂಗಾಲದ ಗೆರೆ ಮೂಡುತ್ತದೆ, ಇಂಗಾಲ ವಾಹಕ.

ಸಮುದ್ರದ ಗಾಳಿಯ ಉಪ್ಪು, ಧೂಳು ಮತ್ತು ತೇವ ಸೇರಿದರೆ ನಮ್ಮ ಗೋಡೆಯ ಮೇಲೆಯೇ ಈ ಮೂರನೇ ಪರೀಕ್ಷೆ ನಡೆಯುತ್ತಿರುತ್ತದೆ! ಸ್ವಿಚ್‌ನಲ್ಲಿ ಬಿರುಕಿದ್ದರೆ ಒಳಗೆ ಬೆರೆಸಿದ ಮರದ ಹುಡಿಯೂ ತೇವ ಹೀರುತ್ತದೆ.

ಓಮ್‌ನ ನಿಯಮದಂತೆ ಲೆಕ್ಕ ಹಾಕಿ (ದೇಹದ ರೋಧವನ್ನು ಬಿಟ್ಟು). ರೋಧ 1 ಮೆಗಾಓಮ್ ಇದ್ದರೆ 230 ವೋಲ್ಟ್‌ಗೆ ಸೋರುವ ವಿದ್ಯುತ್ 0.23 ಮಿಲಿಆಂಪಿಯರ್, ಕೈಗೆ ತಿಳಿಯುವುದೂ ಕಷ್ಟ. ರೋಧ 5,000 ಓಮ್‌ಗೆ ಇಳಿದರೆ 46 ಮಿಲಿಆಂಪಿಯರ್; ಇದು ಪ್ರಾಣಕ್ಕೇ ಅಪಾಯ. ಆದರೆ ಆಂಪಿಯರ್‌ಗಳ ಲೆಕ್ಕದಲ್ಲಿ ಕೆಲಸ ಮಾಡುವ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಅದು ಟ್ರಿಪ್ ಆಗುವುದಿಲ್ಲ. ಟ್ರಿಪ್ ಆಗುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ.

ಆದ್ದರಿಂದ ಬಿರುಕು, ಸುಟ್ಟ ಗೆರೆ, ಮೀನಿನಂತಹ ವಾಸನೆ ಅಥವಾ ಚುರುಕು ಕಂಡರೆ ಆ ಸ್ವಿಚ್ ಮುಟ್ಟಬೇಡಿ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಮೆಗ್ಗರ್ ಪರೀಕ್ಷೆಯನ್ನೂ ಅವರೇ ಮಾಡಲಿ. ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ: ನಿಮ್ಮ ಮನೆಯಲ್ಲಿ ಆರ್‌ಸಿಸಿಬಿ ಇದೆಯೇ ಎಂದು ಹಿರಿಯರನ್ನು ಕೇಳಿ.