ಟಿ.ವಿ.ಯಲ್ಲಿ ಅಜ್ಜಿಯ ಹಾಡು

ಸಂಜೆಯಾಯಿತು. ಮನೆಮಂದಿ ಟಿ.ವಿ. ಮುಂದೆ ಕೂತರು. ಸಿನಿಮಾ ಹಾಡು ಬಂತು. ಧಾರಾವಾಹಿ ಬಂತು. ಜಾಹೀರಾತು ಬಂತು.

"ಅಜ್ಜಿ, ನೀನು ಹೇಳೋ ಹಾಡು ಇದರಲ್ಲಿ ಬರೋದೇ ಇಲ್ವಲ್ಲ?" ಮೊಮ್ಮಗಳು ಕೇಳಿದಳು.

"ಅಪರೂಪಕ್ಕೆ ಬರ್ತದೆ ಮಗಾ. ಬಂದರೂ ಒಂದು ಗಳಿಗೆ" ಅಂದಳು ಅಜ್ಜಿ.

ಅಜ್ಜಿ ಮಾತು ನಿಜ. ಮಲೆ ಮಾದಪ್ಪನ ಕಥೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಟಿ.ವಿ.ಯಲ್ಲಿ ಅಷ್ಟು ಹೊತ್ತು ಎಲ್ಲಿ ಸಿಗುತ್ತದೆ? ಜಾಹೀರಾತಿನ ಹಣ ತರುವ ಕಾರ್ಯಕ್ರಮಕ್ಕೇ ಅಲ್ಲಿ ಹೆಚ್ಚು ಜಾಗ.

ಮನೆಯಲ್ಲೂ ಹಾಡು ಕಡಿಮೆಯಾಗಿದೆ. ಹಿಂದೆ ರಾಗಿ ಬೀಸುವಾಗ ಬೀಸೋ ಪದ ಹಾಡುತ್ತಿದ್ದರು. ಈಗ ಹಿಟ್ಟಿನ ಗಿರಣಿ ಬಂದಿದೆ. ಬೀಸೋ ಕಲ್ಲು ಮೂಲೆ ಸೇರಿದೆ. ಹಾಡೂ ಮೂಲೆ ಸೇರಬೇಕೆ?

ಹಾಡು ಉಳಿಸಿದವರೂ ಇದ್ದಾರೆ. ಸುಕ್ರಿ ಬೊಮ್ಮಗೌಡರು ಅಂಕೋಲಾ ತಾಲ್ಲೂಕಿನವರು. ಹಾಲಕ್ಕಿ ಜನಾಂಗದ ಹಾಡುಗಾರ್ತಿ. ತಾಯಿಯಿಂದ ಹಾಡು ಕಲಿತರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡರು. ಆದರೂ ಅವರ ಹಾಡು ಉಳಿದಿದೆ. ಆಕಾಶವಾಣಿಯವರು ಅದನ್ನು ಧ್ವನಿಮುದ್ರಣ ಮಾಡಿಟ್ಟಿದ್ದರು.

ಕೂಡಿಡದ ಹಾಡು ಹಾಡಿದವರ ಜೊತೆಗೇ ಹೋಗುತ್ತದೆ.

ಈ ಮನೆಯ ಸೊಸೆ ಈಗ ಅಕ್ಷರ ಕಲಿತಿದ್ದಾಳೆ. ಅವಳು ಪುಸ್ತಕ, ಪೆನ್ನು ತಂದಳು.

"ಅತ್ತೆ, ನೀವು ಸೋಬಾನೆ ಹೇಳಿ. ನಾನು ಬರ್ಕೋತೀನಿ" ಅಂದಳು.

ಮೊಮ್ಮಗಳು ಟಿ.ವಿ. ನಿಲ್ಲಿಸಿದಳು. ಅಜ್ಜಿ ಹಾಡಿದಳು.

ಅಭ್ಯಾಸ

1. ಟಿ.ವಿ.ಯಲ್ಲಿ ಜಾನಪದ ಹಾಡು ಯಾಕೆ ಕಡಿಮೆ?
2. ಬೀಸೋ ಪದ ಯಾವಾಗ ಹಾಡುತ್ತಿದ್ದರು?
3. ನಿಮ್ಮೂರಲ್ಲಿ ಹಾಡು ಬಲ್ಲವರು ಯಾರು? ಅವರಿಂದ ಒಂದು ಹಾಡು ಕೇಳಿ ಬರೆಯಿರಿ.