ಟಿಶ್ಯೂ ಬ್ಯಾಂಕಿಗೆ ಮಾಹಿತಿ ವ್ಯವಸ್ಥೆ: ಮೊದಲ ಬಾರಿ ಕಟ್ಟುವವರಿಗೆ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳಿನ ಬ್ಯಾಂಕ್ ನಡೆಯುತ್ತಿದೆ. ಮನೆಯವರು ದುಃಖದ ನಡುವೆಯೂ ಒಪ್ಪಿ ಕೊಟ್ಟ ಮಿದುಳುಗಳು ಅಲ್ಲಿವೆ. ಅಂಥ ಒಂದು ತುಣುಕು ಕೈಗೆ ಬಂದಾಗ ಸಂಶೋಧಕರು ಕೇಳುವುದು ಇಷ್ಟು: ವಯಸ್ಸೆಷ್ಟು, ಏನು ಕಾಯಿಲೆ, ಸಾವಾದ ಎಷ್ಟು ಗಂಟೆಗೆ ತೆಗೆದದ್ದು? ಇದಕ್ಕೆ ಉತ್ತರವಿಲ್ಲದಿದ್ದರೆ ಫ್ರೀಜರ್ ಎಷ್ಟು ಒಳ್ಳೆಯದಿದ್ದರೂ ಆ ತುಣುಕಿನಿಂದ ಹೆಚ್ಚು ಉಪಯೋಗವಿಲ್ಲ. ಆದ್ದರಿಂದ ಫ್ರೀಜರಿಗೆ ಟೆಂಡರ್ ಕರೆಯುವ ಹೊತ್ತಿಗೇ ಮಾಹಿತಿಯ ಕೆಲಸವೂ ಶುರುವಾಗಬೇಕು. ಒಂದು ವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗ ಸ್ತನ ಕ್ಯಾನ್ಸರಿನ ಗೆಡ್ಡೆಗಳನ್ನು ಸಂಶೋಧನೆಗೆ ತೆಗೆದಿಡಲು ಹೊರಟಿದೆ ಎಂದಿಟ್ಟುಕೊಳ್ಳಿ.

ಹಂತ 1: ತುಣುಕಿನ ದಾರಿಯನ್ನು ನಡೆದು ನೋಡಿ

ಕಂಪ್ಯೂಟರ್ ಆಮೇಲಾಯಿತು. ಮೊದಲು ಆಪರೇಷನ್ ಥಿಯೇಟರಿನಿಂದ ಪೆಥಾಲಜಿಗೆ, ಅಲ್ಲಿಂದ ಫ್ರೀಜರಿಗೆ ಒಂದು ಗೆಡ್ಡೆಯ ಜೊತೆಗೇ ನಡೆಯಿರಿ. ಯಾರು ಹೊತ್ತು ತರುತ್ತಾರೆ, ಎಲ್ಲಿ ಕಾಯುತ್ತದೆ, ಯಾವ ರಿಜಿಸ್ಟರಿನಲ್ಲಿ ಯಾರು ಏನು ಬರೆಯುತ್ತಾರೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿ. ಗೆಡ್ಡೆಯನ್ನು ದೇಹದಿಂದ ತೆಗೆದ ಸಮಯ, ಪೆಥಾಲಜಿಗೆ ಬಂದ ಸಮಯ, ಫ್ರೀಜರಿಗೋ ಫಾರ್ಮಲಿನ್‌ಗೋ ಹೋದ ಸಮಯ, ಈ ಮೂರೂ ಗಡಿಯಾರ ನೋಡಿ ಬರೆದಿರಬೇಕು. ರಕ್ತ ನಿಂತ ಕ್ಷಣದಿಂದಲೇ ಆರ್‌ಎನ್‌ಎ ಮತ್ತು ಪ್ರೋಟೀನುಗಳು ಬದಲಾಗತೊಡಗುತ್ತವೆ. ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗೆ ಹೋಗುವ ಸ್ತನದ ಅಂಗಾಂಶ 1 ಗಂಟೆಯೊಳಗೆ ಫಾರ್ಮಲಿನ್ ಸೇರಿ, ಅದರಲ್ಲಿ 6ರಿಂದ 72 ಗಂಟೆ ಇರಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಸಂಜೆ ಕೂತು ಅಂದಾಜಿನಲ್ಲಿ ತುಂಬಿದ ಸಮಯಕ್ಕಿಂತ ಖಾಲಿ ಕಾಲಂ ವಾಸಿ.

ರೋಗನಿರ್ಣಯಕ್ಕೆ ಬೇಕಾದಷ್ಟು ತೆಗೆದ ಮೇಲೆ ಉಳಿದದ್ದಷ್ಟೇ ಬ್ಯಾಂಕಿಗೆ. ಈ ನಿಯಮವನ್ನು ಅದೇ ಹಾಳೆಯ ತಲೆಯಲ್ಲಿ ಬರೆದಿಡಿ.

ಹಂತ 2: ಒಪ್ಪಿಗೆಯನ್ನು ಒಡೆದು ದಾಖಲಿಸಿ

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಬುನಾದಿ ಇದು. ಸಹಿ ಹಾಕಿದ ಹಾಳೆಯನ್ನು ಸ್ಕ್ಯಾನ್ ಮಾಡಿಟ್ಟರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಸ್ಕ್ಯಾನ್ ಚಿತ್ರವನ್ನು ಪ್ರಶ್ನೆ ಕೇಳಲಾಗುವುದಿಲ್ಲ. ಈ ಅಧ್ಯಯನಕ್ಕೆ ಮಾತ್ರವೋ ಮುಂದಿನವಕ್ಕೂ ಸರಿಯೋ, ಜೀನ್ ಪರೀಕ್ಷೆಗೆ ಒಪ್ಪಿಗೆ ಇದೆಯೋ, ಬೇರೆ ಸಂಸ್ಥೆಗೆ ಅಥವಾ ಹೊರದೇಶಕ್ಕೆ ಕಳಿಸಬಹುದೋ, ಮತ್ತೆ ಸಂಪರ್ಕಿಸಬಹುದೋ? ಪ್ರತಿಯೊಂದಕ್ಕೂ ಪ್ರತ್ಯೇಕ ಹೌದು-ಇಲ್ಲ ಕಾಲಂ ಇರಲಿ. ಆಗ ಮಾತ್ರ, ಜೀನ್ ಪರೀಕ್ಷೆ ಬೇಡ ಎಂದ ಹೆಂಗಸಿನ ಟ್ಯೂಬು ಜೀನ್ ಅಧ್ಯಯನದ ಪಟ್ಟಿಯಲ್ಲಿ ಕಾಣಿಸಿಕೊಳ್ಳದಂತೆ ವ್ಯವಸ್ಥೆಯೇ ತಡೆಯುತ್ತದೆ. ಐಸಿಎಂಆರ್ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯಲ್ಲಿ ಬಯೋಬ್ಯಾಂಕುಗಳಿಗೆಂದೇ ಭಾಗವಿದೆ. ನಮೂನೆ ಬರೆಯುವ ಮುನ್ನ ಅದನ್ನು ಓದಿ. ನಮೂನೆ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿದವರು ಯಾರೆಂಬುದೂ ದಾಖಲಾಗಲಿ. ಯಾವ ಆವೃತ್ತಿಯ ನಮೂನೆಗೆ ಸಹಿಯಾಯಿತು ಎಂಬುದನ್ನೂ ಬರೆಯಿರಿ. ಒಪ್ಪಿಗೆ ಹಿಂತೆಗೆದುಕೊಳ್ಳಲು ಬಂದವರ ಟ್ಯೂಬುಗಳೆಲ್ಲ ಒಂದೇ ಹುಡುಕಾಟದಲ್ಲಿ ಸಿಗಬೇಕು.

ಹಂತ 3: ಅರ್ಥವಿಲ್ಲದ ಗುರುತು ಸಂಖ್ಯೆ ಕೊಡಿ

ಸಂಖ್ಯೆಯಲ್ಲಿ ಹೆಸರಿನ ಮೊದಲಕ್ಷರ, ರೋಗ, ದಿನಾಂಕ ಯಾವುದೂ ಬೇಡ. ರೋಗನಿರ್ಣಯ ಮುಂದೆ ಬದಲಾಗಬಹುದು. ಟ್ಯೂಬಿನ ಮೇಲಿನ ಸಂಖ್ಯೆ ಬದಲಾಗಕೂಡದು. ದಾನಿಗೆ ಒಂದು, ತೆಗೆದ ಅಂಗಾಂಶಕ್ಕೆ ಒಂದು, ಅದರಿಂದ ಮಾಡಿದ ಪ್ರತಿ ಟ್ಯೂಬಿಗೆ ಒಂದು ಸಂಖ್ಯೆ ಇರಲಿ, ಯಾವುದು ಯಾವುದರಿಂದ ಹುಟ್ಟಿತು ಎಂಬ ಕೊಂಡಿ ತಪ್ಪದಿರಲಿ. ಹೆಸರಿನಿಂದ ಹುಡುಕುವ ಅಭ್ಯಾಸ ಬಿಡಿ: ಲಕ್ಷ್ಮಮ್ಮ ಎಂಬ ಒಂದೇ ಹೆಸರನ್ನು ಆಸ್ಪತ್ರೆಯ ಇಂಗ್ಲಿಷ್ ದಾಖಲೆಯಲ್ಲಿ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗಿನಲ್ಲಿ ಬರೆದಿರುತ್ತಾರೆ. ಹೆಸರು, ಆಸ್ಪತ್ರೆ ಸಂಖ್ಯೆಗಳನ್ನು ದಾನಿ ಸಂಖ್ಯೆಗೆ ಜೋಡಿಸುವ ಪಟ್ಟಿ ಬೇರೆಯೇ ಇದ್ದು, ಜವಾಬ್ದಾರರಾದ ಒಬ್ಬಿಬ್ಬರಿಗಷ್ಟೇ ಸಿಗಲಿ.

ಹಂತ 4: ಲೇಬಲ್

ಸಾಮಾನ್ಯ ಸ್ಟಿಕರ್ ಮೈನಸ್ 80 ಡಿಗ್ರಿಯಲ್ಲಿ ಉದುರುತ್ತದೆ, ಪೆನ್ನಿನ ಬರಹ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ. ಅತಿಶೀತಕ್ಕೆಂದೇ ಮಾಡಿದ ಲೇಬಲ್ ತಂದು, ಟ್ಯೂಬು ಒಣಗಿದ್ದಾಗ, ತಂಪಾಗುವ ಮೊದಲೇ ಅಂಟಿಸಿ. ಬಾರ್‌ಕೋಡಿನ ಜೊತೆ ಕಣ್ಣಿಗೆ ಓದಲು ಬರುವ ಸಂಖ್ಯೆಯೂ ಇರಲಿ. ಕೊಳ್ಳುವ ಮುಂಚೆ ನಾಲ್ಕಾರು ಖಾಲಿ ಟ್ಯೂಬುಗಳಿಗೆ ಅಂಟಿಸಿ ಫ್ರೀಜರಿನಲ್ಲಿಡಿ. ಕೆಲವು ವಾರ ಬಿಟ್ಟು ಹೊರತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಸ್ಕ್ಯಾನ್ ಆಗುತ್ತದೆಯೇ ನೋಡಿ.

ಹಂತ 5: ಪ್ರತಿ ಟ್ಯೂಬಿಗೂ ವಿಳಾಸ

ಫ್ರೀಜರ್, ರ‍್ಯಾಕ್, ಡಬ್ಬಿ, ಡಬ್ಬಿಯೊಳಗಿನ ಮನೆ. ಅಡ್ಡ 9, ಉದ್ದ 9 ಇರುವ ಡಬ್ಬಿಯಲ್ಲಿ 81 ಮನೆಗಳು. ತುಂಬಿದ ಮನೆಗೆ ಇನ್ನೊಂದು ಟ್ಯೂಬನ್ನು ವ್ಯವಸ್ಥೆ ಒಪ್ಪಲೇಬಾರದು. ಬಾಗಿಲು ತೆರೆದು ಹುಡುಕುತ್ತ ನಿಂತಷ್ಟು ಹೊತ್ತೂ ಒಳಗಿರುವ ಎಲ್ಲ ಟ್ಯೂಬುಗಳೂ ಬಿಸಿಯಾಗುತ್ತಿರುತ್ತವೆ.

ಒಬ್ಬ ದಾನಿಯ ಟ್ಯೂಬುಗಳನ್ನು ಎರಡು ಫ್ರೀಜರುಗಳಿಗೆ ಹಂಚಿ. 2012ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಹಾರ್ವರ್ಡ್ ಬ್ರೇನ್ ಬ್ಯಾಂಕಿನಲ್ಲಿ ಒಂದು ಫ್ರೀಜರ್ ಕೆಟ್ಟು ಸುಮಾರು 150 ಮಿದುಳುಗಳಿಗೆ ಹಾನಿಯಾಯಿತು. ಆಟಿಸಂ ಸಂಶೋಧನೆಗೆಂದು ಕೂಡಿಸಿದ್ದ ಸಂಗ್ರಹದ ಮೂರನೇ ಒಂದು ಭಾಗ ಅದರಲ್ಲಿತ್ತು. ಒಳಗೆ ಎಲ್ಲ ಕರಗಿದ್ದರೂ ಹೊರಗಿನ ಫಲಕ ಮೈನಸ್ 79 ಎಂದೇ ತೋರಿಸುತ್ತಿತ್ತು, ಅಲಾರಂ ಕೂಗಲಿಲ್ಲ. ಹಾಗಾಗಿ ಫ್ರೀಜರಿನ ಸ್ವಂತ ಫಲಕವನ್ನೇ ನಂಬದೆ, ಬೇರೆ ಸೆನ್ಸರ್ ಹಾಕಿಸಿ. ಅದರ ದಾಖಲೆ ನಿಮ್ಮ ವ್ಯವಸ್ಥೆಗೆ ಸೇರಲಿ, ಎಚ್ಚರಿಕೆ ಇಬ್ಬರ ಮೊಬೈಲಿಗೆ ಬರಲಿ.

ಹಂತ 6: ಸಾಫ್ಟ್‌ವೇರ್

ಶುರುವಿನ ಪ್ರಯೋಗಕ್ಕೆ ಎಕ್ಸೆಲ್ ಸಾಕು. ನಿಜವಾದ ಬ್ಯಾಂಕಿಗೆ ಸಾಲದು: ಒಂದೇ ಕಾಲಮನ್ನು ಆರಿಸಿ ಸಾರ್ಟ್ ಮಾಡಿಬಿಟ್ಟರೆ ಒಬ್ಬರ ಗೆಡ್ಡೆ ಇನ್ನೊಬ್ಬರ ವಯಸ್ಸಿನ ಪಕ್ಕ ಬಂದು ಕೂರುತ್ತದೆ, ಯಾರು ಮಾಡಿದರೆಂಬ ಸುಳಿವೂ ಉಳಿಯುವುದಿಲ್ಲ. ಬಯೋಬ್ಯಾಂಕಿಗೆಂದೇ ಇರುವ ಸಾಫ್ಟ್‌ವೇರುಗಳಿವೆ; ಓಪನ್‌ಸ್ಪೆಸಿಮೆನ್ ಅವುಗಳಲ್ಲೊಂದು, ಅದನ್ನು ನೋಡಿಕೊಳ್ಳುವ ಕಂಪನಿ ಪುಣೆಯದು. ಯಾವುದನ್ನೇ ಆರಿಸಿದರೂ ಮಾರುವವರನ್ನು ಮೂರು ಪ್ರಶ್ನೆ ಕೇಳಿ. ಪ್ರತಿ ತಿದ್ದುಪಡಿಯ ಹಿಂದೆ ಹೆಸರು, ಸಮಯ ಉಳಿಯುತ್ತದೆಯೇ? ಯಾರಿಗೆ ಏನು ಕಾಣಬೇಕೆಂದು ನಾವೇ ನಿರ್ಧರಿಸಬಹುದೇ? ನಾಳೆ ಬಿಟ್ಟು ಹೋಗುವುದಾದರೆ ನಮ್ಮ ಅಷ್ಟೂ ದತ್ತಾಂಶ ನಮ್ಮ ಕೈಗೆ ಸಿಗುತ್ತದೆಯೇ? ಮೂರನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಿ.

ರೋಗದ ಹೆಸರು, ಅಂಗದ ಹೆಸರುಗಳನ್ನು ಟೈಪ್ ಮಾಡಲು ಬಿಡದೆ ಸಿದ್ಧ ಪಟ್ಟಿಯಿಂದ ಆರಿಸುವಂತೆ ಮಾಡಿ. ಗೆಡ್ಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-ಓ ಸಂಕೇತಗಳಿವೆ. 05/06 ಎಂದರೆ ಮೇ ತಿಂಗಳೋ ಜೂನೋ ಎಂಬ ಗೊಂದಲ ಬರದಂತೆ ತಿಂಗಳನ್ನು ಅಕ್ಷರದಲ್ಲಿ ತೋರಿಸಿ.

ಹಂತ 7: ಕೊಡುವುದು, ತಾಳೆ ನೋಡುವುದು

ನೈತಿಕ ಸಮಿತಿಯ ಅನುಮತಿ ಸಂಖ್ಯೆ ಇಲ್ಲದೆ ಟ್ಯೂಬು ಹೊರಹೋಗುವ ದಾರಿಯೇ ವ್ಯವಸ್ಥೆಯಲ್ಲಿ ಇರದಿರಲಿ. ಎಷ್ಟು ಕೊಟ್ಟಿರಿ, ಎಷ್ಟು ಉಳಿಯಿತು, ಎಷ್ಟು ಸಲ ಕರಗಿತು ಎಂಬುದನ್ನು ಅಂದೇ ಬರೆಯಿರಿ. ತಿಂಗಳಿಗೊಮ್ಮೆ ತೆರೆಯಲ್ಲಿ ಕಂಡ ಕೆಲವು ಟ್ಯೂಬುಗಳನ್ನು ಫ್ರೀಜರಿನಲ್ಲಿ ಹುಡುಕಿ. ಫ್ರೀಜರಿನಿಂದ ಎತ್ತಿಕೊಂಡ ಇನ್ನು ಕೆಲವನ್ನು ತೆರೆಯಲ್ಲಿ ಹುಡುಕಿ. ಎರಡೂ ಕಡೆಯಿಂದ ನೋಡಿದರೇ ತಪ್ಪು ಸಿಗುವುದು. ಸಿಕ್ಕ ವ್ಯತ್ಯಾಸವನ್ನು ಸದ್ದಿಲ್ಲದೆ ತಿದ್ದಬೇಡಿ. ಯಾವತ್ತು, ಯಾರಿಗೆ ಕಂಡಿತು, ಏನು ಕಾರಣ ಎಂದು ಬರೆದು, ಹಳೆಯ ನಮೂದನ್ನು ಉಳಿಸಿಕೊಂಡೇ ಹೊಸದನ್ನು ಸೇರಿಸಿ.