ಮನೆಮಾತಿನಾಚೆಯ ಓದು: ಪುತ್ತೂರು, ಸುಳ್ಯ, ಕಡಬ ಪರಿಸರದ ಕಾದಂಬರಿ ಓದುಗರು

ಹ್ಯಾರಿ ಪಾಟರ್ ಮಾಲೆಯ ಐದನೆಯ ಕಾದಂಬರಿ ಇಂಗ್ಲಿಷಿನಲ್ಲಿ 2003ರ ಜೂನ್‌ನಲ್ಲಿ ಪ್ರಕಟವಾಯಿತು; ಅದರ ಜರ್ಮನ್ ಅನುವಾದ ಬಂದುದು ನವೆಂಬರ್‌ನಲ್ಲಿ. ಇಂಗ್ಲಿಷ್ ಬಲ್ಲ ಜರ್ಮನ್ ಓದುಗರು ಅನುವಾದಕ್ಕಾಗಿ ಕಾಯಬಹುದಿತ್ತು, ಇಲ್ಲವೆ ಕಲಿತ ಭಾಷೆಯಲ್ಲಿಯೇ ಕಥೆಯನ್ನು ಸವಿಯಬಹುದಿತ್ತು. ಪುತ್ತೂರು, ಸುಳ್ಯ, ಕಡಬ ಪರಿಸರದ ಓದುಗರಿಗೆ ಇಂಥ ಆಯ್ಕೆ ಬಹುಮಟ್ಟಿಗೆ ಇರಲಿಲ್ಲ. ಇಲ್ಲಿ ಮನೆಮಾತು ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಹೀಗೆ ಹಲವು. ಶಾಲೆಯ ಮತ್ತು ಅಚ್ಚಿನ ಭಾಷೆ ಮಾತ್ರ ಶಿಷ್ಟ ಕನ್ನಡ. ಕಾದಂಬರಿಯ ಸುಖವೂ ಆ ಕನ್ನಡದ ಮೂಲಕವೇ ದಕ್ಕಬೇಕಿತ್ತು.

ಆದರೆ ಈ ಎರಡು ಓದುಗಳ ನಡುವೆ ಮುಖ್ಯವಾದ ಒಂದು ವ್ಯತ್ಯಾಸವಿದೆ. ಜರ್ಮನ್ ಓದುಗರು ಇಂಗ್ಲಿಷಿನಲ್ಲಿ ಅನ್ಯರ ಲೋಕವನ್ನು ಕಾಣುತ್ತಾರೆ. ಇಲ್ಲಿಯ ಓದುಗರು ಕಲಿತ ಭಾಷೆಯಲ್ಲಿ ತಮ್ಮದೇ ನೆರೆಹೊರೆಯನ್ನು ಕಾಣುತ್ತಾರೆ. ದಶಕಗಳ ಕಾಲ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ' (1933) ಇದಕ್ಕೆ ಸ್ಪಷ್ಟ ನಿದರ್ಶನ. ಸ್ವಂತ ಬೇಸಾಯದ ಕನಸು ಕಾಣುವ ಚೋಮ, ಅವನ ಮಗಳು ಬೆಳ್ಳಿ ಕನ್ನಡದಲ್ಲಿ ಮಾತನಾಡುತ್ತಾರೆ. ಈ ನೆಲದ ಚೋಮನ ಬಾಯಲ್ಲಿ ಬರಬೇಕಾದುದು ತುಳು. ಎಂದರೆ ಬರವಣಿಗೆಯ ಹಂತದಲ್ಲಿಯೇ ಒಂದು ಅನುವಾದ ನಡೆದಿದೆ. ತುಳು ಮನೆಮಾತಿನ ಓದುಗರು ಆ ಮಾತನ್ನು ಮನಸ್ಸಿನಲ್ಲಿ ಮತ್ತೆ ತುಳುವಿಗೆ ತಿರುಗಿಸಿಕೊಳ್ಳಬಲ್ಲರು. ಅವರ ಓದು ಒಂದು ಬಗೆಯ ಮರು ಅನುವಾದ.

'ಬೆಟ್ಟದ ಜೀವ'ದಲ್ಲಿ (1943) ಈ ಓದಿಗೆ ಕುತೂಹಲವೂ ಜೊತೆಗೂಡುತ್ತದೆ. ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನನ್ನು ದೇರಣ್ಣ ಮತ್ತು ಬಟ್ಯ ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಅಡಿಕೆ ತೋಟ, ಆನೆ, ಹುಲಿ, ಕುಮಾರಪರ್ವತ ಇವೆಲ್ಲ ಪರಿಚಿತವಾದುದರಿಂದ ಭಾಷೆಯ ಅಪರಿಚಿತತೆ ತೊಡಕಾಗುವುದಿಲ್ಲ. ಸುಬ್ರಹ್ಮಣ್ಯದ ಸಮೀಪದ ಕುಳಕುಂದದಲ್ಲಿ ಹುಟ್ಟಿದ ನಿರಂಜನರ 'ಕಲ್ಯಾಣಸ್ವಾಮಿ'ಯು 1837ರ ದಂಗೆಯ ಕಥೆಯನ್ನು ಹೇಳುತ್ತದೆ. ಆ ದಂಗೆಯಲ್ಲಿ ಪಾಲ್ಗೊಂಡ ಸುಳ್ಯ ಸೀಮೆಯ ಗೌಡರ ಮನೆಮಾತು ಅರೆಭಾಷೆ.

ಈ ಓದಿನಿಂದ ಕನ್ನಡವು ಪಾಠ ಮತ್ತು ಕಛೇರಿಗಳ ಭಾಷೆಯಾಗಿ ಉಳಿಯದೆ ಸಂತೋಷದ ಭಾಷೆಯೂ ಆಯಿತು. ಇದು ಗಳಿಕೆ. ಕಾದಂಬರಿಗೆ ಮನೆಮಾತು ಒದಗದೆಂಬ ಭಾವನೆ ಬೇರೂರಲು ಅವಕಾಶವಾದುದು ನಷ್ಟ. ಎಸ್.ಯು. ಪಣಿಯಾಡಿಯವರ ತುಳು ಕಾದಂಬರಿ 'ಸತಿ ಕಮಲೆ' ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಕೊರತೆಯಿದ್ದುದು ಭಾಷೆಯ ಶಕ್ತಿಯಲ್ಲಲ್ಲ, ಅಚ್ಚು ಮತ್ತು ಶಾಲೆಗಳ ಬೆಂಬಲದಲ್ಲಿ. ಆದುದರಿಂದ 'ಕನ್ನಡ ಓದುಗ' ಎಂಬ ಪರಿಕಲ್ಪನೆಯನ್ನು ಏಕರೂಪಿಯಾಗಿ ಗ್ರಹಿಸುವಂತಿಲ್ಲ. ಚೋಮ ಯಾವ ಭಾಷೆಯಲ್ಲಿ ಅತ್ತಿರಬಹುದು ಎಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದರೆ, ಅದು ಪಠ್ಯದ ಹೊರಗಿನ ಪ್ರಶ್ನೆಯಲ್ಲ.